ಡೇಂಜರ್‌ನೊಳಗೆ ಅಡಗಿರುವ ಗಾರ್ಡನ್

ಓದುಗರ ಪ್ರಶ್ನೆ: ಕೆಲವು ಅಕ್ಷರಗಳನ್ನು ಕೊಟ್ಟು, ಅವು ಇರುವ ಇಂಗ್ಲಿಷ್ ಪದಗಳನ್ನು ಹುಡುಕಿ ಎಂದರೆ ಎಲ್ಲಿಂದ ಶುರು ಮಾಡಬೇಕು? ಇದಕ್ಕೆಂದೇ ಇರುವ ಜಾಲತಾಣಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಕೊಡುತ್ತವಲ್ಲ, ಅದು ಹೇಗೆ?

ಮೊದಲು ಪ್ರಶ್ನೆಯನ್ನೇ ಬಿಡಿಸಿಕೊಳ್ಳೋಣ, ಏಕೆಂದರೆ ಇದರೊಳಗೆ ಮೂರು ಪ್ರಶ್ನೆಗಳಿವೆ. ಟಿ, ಆರ್, ಎ ಎಂಬ ಅಕ್ಷರಗಳನ್ನು ತೆಗೆದುಕೊಳ್ಳಿ. ಇವಿಷ್ಟನ್ನೇ ಬಳಸಬೇಕು ಎಂದರೆ ಆರ್ಟ್, ರ‍್ಯಾಟ್, ಟಾರ್ ಸಿಗುತ್ತವೆ. ಈ ಮೂರೂ ಎಲ್ಲಾದರೂ ಇದ್ದರೆ ಸಾಕು, ಜೊತೆಗೆ ಬೇರೆಯವೂ ಇರಲಿ ಎಂದರೆ ಮಾರ್ಕೆಟ್, ಕಾರ್ಪೆಟ್ ಕೂಡ ಬರುತ್ತವೆ. ಟಿ-ಆರ್-ಎ ಇದೇ ಕ್ರಮದಲ್ಲಿ ಒಟ್ಟಾಗಿಯೇ ಇರಬೇಕು ಎಂದರೆ ಟ್ರೈನ್, ಎಕ್ಸ್‌ಟ್ರಾ, ಕಾಂಟ್ರಾಕ್ಟ್. ಜಾಲತಾಣದಲ್ಲಿ ಅಕ್ಷರ ಹಾಕಿ ಬೇಡದ ಪಟ್ಟಿ ಪಡೆದವರಲ್ಲಿ ಹೆಚ್ಚಿನವರು ಈ ಮೂರರಲ್ಲಿ ಒಂದನ್ನು ಕೇಳಬೇಕಾದಲ್ಲಿ ಇನ್ನೊಂದನ್ನು ಕೇಳಿರುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಸುಲಭ. ಒನ್‌ಲುಕ್‌ನಂಥ ಅಂತರಜಾಲ ನಿಘಂಟಿನಲ್ಲಿ ಆ ಮೂರಕ್ಷರದ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಮುಗಿಯಿತು. ಒಂದೇ ಒಂದು ಅಕ್ಷರ ತಿಳಿಯದಿದ್ದರೆ ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಎರಡನೆಯದಕ್ಕೆ ಜಾಣ್ಮೆಯೇ ಬೇಡ. ಕಂಪ್ಯೂಟರ್ ಪಟ್ಟಿಯ ಒಂದೊಂದೇ ಪದವನ್ನು ಎತ್ತಿ, ಮೂರೂ ಅಕ್ಷರ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಬದಿಗಿಡುತ್ತದೆ. ಲಕ್ಷಗಟ್ಟಲೆ ಪದಗಳಿದ್ದರೂ ಅದಕ್ಕೆ ಅದು ಕ್ಷಣದ ಕೆಲಸ.

ಸ್ವಾರಸ್ಯ ಇರುವುದು ಮೊದಲನೆಯದರಲ್ಲಿ. ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದವರ ಮುಂದಿರುವುದು ಇದೇ: ಕೈಯಲ್ಲಿ ಏಳು ಬಿಲ್ಲೆ, ಅವುಗಳಿಂದ ಯಾವ ಪದ ಕಟ್ಟಬಹುದು? ಎ, ಡಿ, ಇ, ಜಿ, ಐ, ಎನ್, ಆರ್ ಬಂದಿವೆ ಎನ್ನೋಣ. ಏಳನ್ನೂ ಬಳಸಿ 5,040 ಬಗೆಯಲ್ಲಿ ಜೋಡಿಸಬಹುದು. ಎರಡರಿಂದ ಏಳು ಅಕ್ಷರಗಳವರೆಗಿನ ಎಲ್ಲ ಜೋಡಣೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 13,692. ಒಂದೊಂದನ್ನೂ ನಿಘಂಟಿನಲ್ಲಿ ಹುಡುಕುತ್ತಾ ಕೂರುವುದು ಕಂಪ್ಯೂಟರಿಗೂ ದಂಡದ ಕೆಲಸ. ಅದಕ್ಕೊಂದು ಸೊಗಸಾದ ಉಪಾಯವಿದೆ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಮೊದಲೇ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಟ್ಟುಬಿಡುವುದು. ಹಾಗೆ ಜೋಡಿಸಿದರೆ ಡೇಂಜರ್ ಎಂಬ ಪದ ಎ-ಡಿ-ಇ-ಜಿ-ಎನ್-ಆರ್ ಆಗುತ್ತದೆ. ಗಾರ್ಡನ್ ಕೂಡ ಅದೇ ಆಗುತ್ತದೆ! ಟ್ರಾನ್ಸ್‌ಫಾರ್ಮರ್ ಮೇಲಿನ ತಲೆಬುರುಡೆಯ ಫಲಕದಲ್ಲಿ ಒಂದು ತೋಟವೇ ಅಡಗಿದೆ. ಈ ಜೋಡಿಸಿದ ರೂಪಕ್ಕೆ ಆಟಗಾರರು ಆಲ್ಫಾಗ್ರಾಮ್ ಎನ್ನುತ್ತಾರೆ. ಕೈಯಲ್ಲಿರುವ ಏಳು ಬಿಲ್ಲೆಗಳನ್ನೂ ಇದೇ ಕ್ರಮದಲ್ಲಿಟ್ಟರೆ, ಎರಡಕ್ಕೆ ಕಡಿಮೆಯಿಲ್ಲದಂತೆ ಆರಿಸಿಕೊಳ್ಳಬಹುದಾದ ಗುಂಪುಗಳು ಕೇವಲ 120. ಅವನ್ನಷ್ಟೇ ಜೋಡಿಸಿಟ್ಟ ಪಟ್ಟಿಯಲ್ಲಿ ನೋಡಿದರೆ ಸಾಕು. ಹದಿಮೂರು ಸಾವಿರ ಚಿಲ್ಲರೆ ಹುಡುಕಾಟ ನೂರಿಪ್ಪತ್ತಕ್ಕೆ ಇಳಿಯಿತು.

ಮನುಷ್ಯರಿಗೆ ಇಷ್ಟು ಬೇಕಿಲ್ಲ. ಪದದ ಬಾಲ ಹಿಡಿದು ಎಳೆದರೆ ಸಾಕು. ಅದೇ ಏಳು ಅಕ್ಷರಗಳಲ್ಲಿ ಐ-ಎನ್-ಜಿ ಇವೆ, ಅವನ್ನು ಬಲಕ್ಕೆ ಸರಿಸಿ. ಉಳಿದದ್ದು ಎ, ಡಿ, ಇ, ಆರ್. ರೀಡ್ ಕಣ್ಣಿಗೆ ಬಿತ್ತು, ರೀಡಿಂಗ್ ಸಿಕ್ಕಿತು. ಇ-ಡಿಯನ್ನು ಸರಿಸಿದರೆ ಗ್ರೇನ್ ಉಳಿಯುತ್ತದೆ, ಗ್ರೇನ್ಡ್ ಆಯಿತು. ಆರ್-ಇಯನ್ನು ತಲೆಗೆ ತಂದರೆ ರಿಗೇನ್. ಎಸ್ ಸಿಕ್ಕರೆ ಬಹುವಚನಕ್ಕೆಂದು ಬೇರೆ ಇಡಿ. ಸ್ಕ್ರ್ಯಾಬಲ್‌ನ ನೂರು ಬಿಲ್ಲೆಗಳಲ್ಲಿ ಇ ಹನ್ನೆರಡಿದ್ದರೆ ಎಸ್ ನಾಲ್ಕೇ. ಆಟ ತೀರಾ ಸಲೀಸಾಗಬಾರದೆಂದು ಅದನ್ನು ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಬೇಕೆಂದೇ ಕೈ ಬಿಗಿ ಹಿಡಿದಿದ್ದರು.

ಕನ್ನಡದಲ್ಲಿ ಓದಿ ಬೆಳೆದವರಿಗೆ ಒಂದು ಎಚ್ಚರಿಕೆ: ಕಿವಿಯನ್ನು ನಂಬಬೇಡಿ. ನಾವು ಕೇಳಿದ್ದನ್ನು ಬರೆಯುವವರು. ಗಾರ್ಡನ್‌ನ ಗಕಾರವೂ ಡೇಂಜರ್‌ನ ಜಕಾರವೂ ಒಂದೇ ಅಕ್ಷರ ಎಂಬುದು ಕಿವಿಗೆ ಹೊಳೆಯುವುದಿಲ್ಲ. ಅಕ್ಷರಗಳನ್ನು ಮನಸ್ಸಿನಲ್ಲಿ ಉಚ್ಚರಿಸದೆ, ಕಾಗದದ ಮೇಲೆ ವೃತ್ತಾಕಾರವಾಗಿ ಬರೆದು ಕಣ್ಣಿನಿಂದ ನೋಡಿ. ಅರ್ಥವೂ ಬೇಡ, ಉಚ್ಚಾರಣೆಯೂ ಬೇಡ ಎಂಬುದಕ್ಕೆ ನ್ಯೂಜಿಲೆಂಡ್‌ನ ನೈಜೆಲ್ ರಿಚರ್ಡ್ಸ್ ಸಾಕ್ಷಿ. ಫ್ರೆಂಚ್ ಮಾತನಾಡಲು ಬಾರದ ಅವರು ಪದಪಟ್ಟಿಯನ್ನು ಬಾಯಿಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಪ್ರಶಸ್ತಿ ಗೆದ್ದರು.

ಒಂದು ಅಕ್ಷರವನ್ನು ಎಷ್ಟು ಸಲ ಬಳಸಬಹುದು ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಸ್ಕ್ರ್ಯಾಬಲ್‌ನಲ್ಲಿ ಒಂದು ಬಿಲ್ಲೆಗೆ ಒಂದೇ ಸಲ. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀ ಆಟದಲ್ಲಿ ಏಳು ಅಕ್ಷರಗಳನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ನಡುವಿನ ಅಕ್ಷರ ಮಾತ್ರ ಇರಲೇಬೇಕು, ಪದಕ್ಕೆ ನಾಲ್ಕಕ್ಷರವಾದರೂ ಬೇಕು. ನಮ್ಮ ಏಳರಿಂದಲೇ ಆಗ ಎಂಜಿನಿಯರ್ ಹುಟ್ಟುತ್ತಾನೆ, ಇ ಮೂರು ಸಲ, ಎನ್ ಎರಡು ಸಲ. ಏಳನ್ನೂ ಬಳಸುವ ಗಾರ್ಡನಿಂಗ್ ಕೂಡ ಸಿಗುತ್ತದೆ.

ಕೊನೆಗೆ ಜಗಳ ಬರುವುದು ಯಾವ ಪಟ್ಟಿ ಪ್ರಮಾಣ ಎಂಬಲ್ಲಿ. ಉತ್ತರ ಅಮೆರಿಕದವರ ಸ್ಕ್ರ್ಯಾಬಲ್ ಪಟ್ಟಿ ಬೇರೆ. ಬ್ರಿಟನ್ ಮೊದಲಾದೆಡೆ ಬಳಸುವ ಕಾಲಿನ್ಸ್ ನಿಘಂಟಿನವರ ಪಟ್ಟಿ ಬೇರೆ, ಅದು ಇನ್ನೂ ದೊಡ್ಡದು, ನಮ್ಮ ದೋಸೆಗೂ ಇಡ್ಲಿಗೂ ಅದರಲ್ಲಿ ಜಾಗವಿದೆ. ಕಂಪ್ಯೂಟರಿನಲ್ಲಿ ಸಿಗುವ ಸಾಧಾರಣ ಪದಪಟ್ಟಿಗಳಲ್ಲಿ ಊರು, ದೇಶ, ವ್ಯಕ್ತಿಗಳ ಹೆಸರುಗಳೂ ಸೇರಿಕೊಂಡಿರುತ್ತವೆ. ಐ, ಆರ್, ಎ, ಎನ್ ಕೊಟ್ಟರೆ ಅವು ಇರಾನ್ ಎನ್ನಬಹುದು. ದೇಶದ ಹೆಸರು, ಹಾಗಾಗಿ ಸ್ಕ್ರ್ಯಾಬಲ್‌ನಲ್ಲಿ ನಡೆಯುವುದಿಲ್ಲ. ಅದೇ ನಾಲ್ಕು ಬಿಲ್ಲೆಗಳನ್ನು ಹಿಂದುಮುಂದು ಮಾಡಿ ರಾಣಿ ಎಂದು ಇಟ್ಟುನೋಡಿ, ಎರಡೂ ಪಟ್ಟಿಯವರು ಒಪ್ಪುತ್ತಾರೆ.