ತೇರಿನ ಮೇಲೆ ಹಾರುವ ಡ್ರೋನ್‌ಗೆ ಪರ್ಮಿಷನ್ ಬೇಕಾ, ಬೇಡ್ವಾ?

ಊರ ಜಾತ್ರೆಯಲ್ಲಿ ತೇರು ಹೊರಟ ಕೂಡಲೇ ಮೇಲೊಂದು ಡ್ರೋನ್ ಗುಂಯ್ ಅನ್ನುತ್ತದೆ. ಪರ್ಮಿಷನ್ ಇದೆಯಾ ಅಂತ ಕೇಳಿದರೆ ಸ್ಟುಡಿಯೋದವರು "ಚಿಕ್ಕದು ಸಾರ್, ಲೈಸೆನ್ಸ್ ಬೇಡ" ಅನ್ನುತ್ತಾರೆ. ಬಂದೋಬಸ್ತ್‌ಗೆ ಬಂದ ಪೊಲೀಸರು "ಮೊದ್ಲು ಇಳಿಸ್ರೀ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ನಿಯಮ ಇಷ್ಟು ಸಲ ಮಗ್ಗುಲು ಬದಲಿಸಿದ ಮೇಲೆ ಗೊಂದಲ ಆಗದೆ ಇನ್ನೇನು?

ದಶಕಗಟ್ಟಲೆ ಸೇನೆಯ ಕೈಯಲ್ಲಿದ್ದ ಪೈಲಟ್ ಇಲ್ಲದ ವಿಮಾನ, ಮೊಬೈಲ್ ಫೋನ್‌ಗಳ ದೆಸೆಯಿಂದ ಸೆನ್ಸರ್, ಬ್ಯಾಟರಿ ಅಗ್ಗವಾದ ಮೇಲೆ ಅಂಗಡಿಗೆ ಬಂತು. 2014ರಲ್ಲಿ ಮುಂಬೈನ ಹೋಟೆಲೊಂದು ಡ್ರೋನ್‌ನಲ್ಲಿ ಪಿಜ್ಜಾ ಕಳಿಸಿ ಸುದ್ದಿಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೇಶದ ವಿಮಾನ ಹಾರಾಟದ ಮೇಲೆ ಕಣ್ಣಿಡುವ ಡಿಜಿಸಿಎ, ನಿಯಮ ಬರುವ ತನಕ ಜನಸಾಮಾನ್ಯರು ಡ್ರೋನ್ ಹಾರಿಸುವಂತಿಲ್ಲ ಎಂದಿತು. ನಿಯಮ ಬರಲು ನಾಲ್ಕು ವರ್ಷ ಹಿಡಿಯಿತು. ಡ್ರೋನ್‌ಗಳೇನೂ ಕಾಯುತ್ತಾ ಕೂರಲಿಲ್ಲ.

2018ರ ಡಿಸೆಂಬರ್ 1ರಿಂದ ಜಾರಿಗೆ ಬಂದ ನಿಯಮದ ಸಾರ ಇಷ್ಟೇ: ಡಿಜಿಟಲ್ ಸ್ಕೈ ಎಂಬ ಜಾಲತಾಣದಲ್ಲಿ ಒಪ್ಪಿಗೆ ಸಿಗದಿದ್ದರೆ ಡ್ರೋನ್ ನೆಲ ಬಿಟ್ಟು ಏಳಲೇಬಾರದು. ಅದೇ ತಿಂಗಳು ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂದು ಸುಮಾರು 1,000 ವಿಮಾನಗಳ ಸಂಚಾರ ಏರುಪೇರಾಯಿತು. ಹಾರಿಸಿದ್ದು ಯಾರು ಅಂತ ಪತ್ತೆಯೇ ಆಗಲಿಲ್ಲ.

ನಿಜವಾದ ತಿರುವು ಬಂದದ್ದು 2021ರಲ್ಲಿ. ಮಾರ್ಚ್‌ನಲ್ಲಿ ಬಂದ ಹೊಸ ನಿಯಮದಲ್ಲಿ 25 ಬಗೆಯ ಅರ್ಜಿ ನಮೂನೆಗಳಿದ್ದವು. ಜೂನ್‌ನಲ್ಲಿ ಗೌರಿಬಿದನೂರಿನ ಬಳಿ, ಕಣ್ಣಳತೆ ಮೀರಿ ಡ್ರೋನ್ ಕಳಿಸಿ ಔಷಧಿ ತಲುಪಿಸುವ ಪ್ರಯೋಗ ಶುರುವಾಯಿತು. ಅದೇ ತಿಂಗಳ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ನಿಂದ ಬಾಂಬ್ ಬಿತ್ತು. ಒಂದೇ ತಿಂಗಳಲ್ಲಿ ಮದ್ದೂ ಬಂತು, ಮದ್ದುಗುಂಡೂ ಬಂತು. ಇನ್ನು ಬಿಗಿ ಜಾಸ್ತಿಯಾಗುತ್ತದೆ ಎಂದುಕೊಂಡರೆ ಆದದ್ದು ಉಲ್ಟಾ. ಆಗಸ್ಟ್ 25ರ ನಿಯಮದಲ್ಲಿ 25 ನಮೂನೆ ಇದ್ದದ್ದು 5ಕ್ಕೆ ಇಳಿಯಿತು. 72 ಬಗೆಯ ಶುಲ್ಕ 4 ಆಯಿತು. ಹಸಿರು ವಲಯದಲ್ಲಿ 400 ಅಡಿವರೆಗೆ ಯಾರ ಒಪ್ಪಿಗೆಯೂ ಬೇಡ. ಒಪ್ಪಿಗೆ ಕೇಳಿಯೇ ಹಾರಿಸಬೇಕಾದ ಹಳದಿ ವಲಯ ವಿಮಾನ ನಿಲ್ದಾಣದ ಸುತ್ತ 45 ಕಿ.ಮೀ. ಹಬ್ಬಿದ್ದದ್ದು 12ಕ್ಕೆ ಬಂತು. ಆದರೂ ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ವಿಮಾನ ನೆಲೆಗಳೆಲ್ಲ ಸೇರಿ ಬೆಂಗಳೂರಿಗೆ ಉಳಿದ ಹಸಿರು ಅಷ್ಟಕ್ಕಷ್ಟೇ.

ಸ್ಟುಡಿಯೋದವರ ಮಾತಿಗೆ ಬೇರೂ ಇಲ್ಲೇ ಇದೆ. 250 ಗ್ರಾಂ ಒಳಗಿನ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ. 2 ಕೆ.ಜಿ. ಒಳಗಿನದಕ್ಕೂ ಬೇಡ, ಆದರೆ ಅದು ಬರೀ ಶೋಕಿಗೆ ಹಾರಿಸಿದರೆ ಮಾತ್ರ. ದುಡ್ಡು ತಗೊಂಡು ಶೂಟ್ ಮಾಡಿದರೆ ಬೇಕು. ನೋಂದಣಿಯಂತೂ ಎಲ್ಲಕ್ಕೂ ಬೇಕು. ಇನ್ನು ಪೊಲೀಸರು ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯ, ಅಂದರೆ ಹಾರಾಟ ನಿಷಿದ್ಧ ಜಾಗ, ಎಂದು ಸಾರಿದರೆ ಚಿಕ್ಕದು, ದೊಡ್ಡದು ಎಂಬ ಮಾತೇ ಇಲ್ಲ, ಇಳಿಸಲೇಬೇಕು.

ಉಪಯೋಗವೇನೂ ಕಡಿಮೆ ಅಲ್ಲ. ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿ ಮನೆಗಳ ಅಳತೆ ಆದದ್ದು ಡ್ರೋನ್‌ನಿಂದಲೇ. ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಔಷಧಿ ಹೊಡೆಯುವವರು ಅದೇ ವಿಷವನ್ನು ಉಸಿರಾಡುತ್ತಾ ನಡೆಯಬೇಕು. 10 ಲೀಟರ್ ಟ್ಯಾಂಕಿನ ಡ್ರೋನ್ ಒಂದು ಎಕರೆಯನ್ನು ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಹಾಗಂತ ಎಲ್ಲ ಬೆಳೆಗೂ ಒಗ್ಗುವುದಿಲ್ಲ. ಮಲೆನಾಡಿನ ಅಡಿಕೆ ತೋಟವನ್ನೇ ನೋಡಿ. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕಾದದ್ದು ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ. ಕೊನೆ ಇರುವುದು ಮರದ ಗರಿಯ, ಅಂದರೆ ಸೋಗೆಯ ಕೆಳಗೆ. ಮೇಲಿಂದ ಬಿಟ್ಟ ದ್ರಾವಣ ಮೊದಲು ಸೋಗೆಯನ್ನೇ ತೊಳೆಯುತ್ತದೆ. ಮರ ಹತ್ತುವ ಕೊನೆಗೌಡರು ಸಿಗದ ಈ ಕಾಲದಲ್ಲೂ ನೆಲದಲ್ಲಿ ನಿಂತು ಹೊಡೆಯುವ ಫೈಬರ್ ದೋಟಿಯನ್ನೇ ಹಲವರು ನೆಚ್ಚಿಕೊಂಡದ್ದು ಸುಮ್ನೆ ಅಲ್ಲ.

ಅಪಾಯದ ಲೆಕ್ಕವನ್ನು ನಾವು ತೂಕದಲ್ಲಿ ಹಾಕುತ್ತಿದ್ದೇವೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಕಾಡ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ ವಿಮಾನದ ರೆಕ್ಕೆ ತೂತು ಮಾಡಿ, ಅದು ಕೆಲವು ದಿನ ನೆಲದಲ್ಲೇ ಕೂರುವಂತೆ ಮಾಡಿದ್ದು 250 ಗ್ರಾಂಗಿಂತ ಹಗುರದ ಡ್ರೋನ್. ಎಷ್ಟು ಭಾರ ಎನ್ನುವಷ್ಟೇ, ಯಾರ ತಲೆಯ ಮೇಲೆ ಎನ್ನುವುದೂ ಮುಖ್ಯ ಅಲ್ವಾ? ನಮ್ಮ ನಿಯಮಗಳ ಕಣ್ಣು ಮೊದಲಿನಿಂದಲೂ ವಿಮಾನ ನಿಲ್ದಾಣ, ಗಡಿ, ಸೇನಾ ನೆಲೆಗಳ ಮೇಲೇ. ತೇರಿನ ಹಗ್ಗ ಹಿಡಿದವರ ನೆನಪಾದದ್ದು ಕಡಿಮೆ. ಅಪಘಾತವಾದರೆ 48 ಗಂಟೆಯೊಳಗೆ ತಿಳಿಸಬೇಕು ಎಂಬ ನಿಯಮ 2021ರಿಂದಲೂ ಇದೆ. ಛತ್ರದ ಹಿಂದಿನ ತೆಂಗಿನಮರಕ್ಕೆ ಸಿಕ್ಕಿಕೊಂಡ ಡ್ರೋನನ್ನು ಇಳಿಸಿಕೊಂಡವರು ಡಿಜಿಟಲ್ ಸ್ಕೈಗೆ ಹೋಗಿ ಬರೆಯುತ್ತಾರಾ?

2025ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಡ್ರೋನ್ ಕರಡು ಮಸೂದೆಯಲ್ಲಿ ಬಿಗಿ ಮತ್ತೆ ತಲೆ ಎತ್ತಿದೆ. ಜೈಲಿನ ಮಾತೂ ಇದೆ. ಹೊಸ ಕಂಪನಿಗಳಿಗೆ ಹೊಡೆತ ಬೀಳುತ್ತದೆ ಅಂತ ಉದ್ಯಮದವರ ಗೊಣಗಾಟ. ಅದು ಏನೇ ಇರಲಿ, ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಕಲಮುಗಳು ಆ ಕರಡಿನಲ್ಲಿವೆ. ಈಗಿನ ನಿಯಮದಲ್ಲಿ 250 ಗ್ರಾಂ ಒಳಗಿನ ಡ್ರೋನ್‌ಗೆ ವಿಮೆಯೂ ಕಡ್ಡಾಯವಲ್ಲ.