ಅರ್ಧ ಡೇಟಾ ಮುಚ್ಚಿಹೋದಾಗ ನಾರ್ಮಲ್ ಹೌದೋ ಅಲ್ಲವೋ?

ನೀರಿನಲ್ಲಿ ಆರ್ಸೆನಿಕ್ ಅಳೆದ ಲ್ಯಾಬ್ ರಿಪೋರ್ಟಿನಲ್ಲಿ ಎಲ್ಲ ಸ್ಯಾಂಪಲ್‌ಗೂ ಸಂಖ್ಯೆ ಇರುವುದಿಲ್ಲ. ಕೆಲವಕ್ಕೆ '5ಕ್ಕಿಂತ ಕಡಿಮೆ' ಎಂದಷ್ಟೇ ಬರೆದಿರುತ್ತದೆ. ಉಪಕರಣ ಅದಕ್ಕಿಂತ ಕೆಳಗೆ ಅಳೆಯಲಾರದು. ಬಲ್ಬುಗಳ ಬಾಳಿಕೆ ಪರೀಕ್ಷೆಯಲ್ಲಿ ಇದರ ಉಲ್ಟಾ: ಪರೀಕ್ಷೆ ನಿಲ್ಲಿಸುವಾಗಲೂ ಕೆಲವು ಉರಿಯುತ್ತಲೇ ಇರುತ್ತವೆ. ಇದನ್ನೇ ಸೆನ್ಸಾರ್ ಆದ ಡೇಟಾ ಎನ್ನುತ್ತಾರೆ.

ಇಂಥ ಡೇಟಾದಿಂದ ಸರಾಸರಿ ಅಂದಾಜು ಮಾಡುವ ದಾರಿಗಳು ಮೊದಲೇ ಬಂದಿದ್ದವು. 1959ರಲ್ಲಿ ಎ. ಸಿ. ಕೋಹೆನ್ ಅದಕ್ಕೊಂದು ಸರಳ ವಿಧಾನ ಕೊಟ್ಟರು. ಆದರೆ ಆ ಲೆಕ್ಕವೆಲ್ಲ ಹಂಚಿಕೆ ನಾರ್ಮಲ್, ಅಂದರೆ ಮೌಲ್ಯಗಳು ಸರಾಸರಿಯ ಎರಡೂ ಬದಿ ಗಂಟೆಯಾಕಾರದಲ್ಲಿ ಹರಡಿವೆ, ಎಂದು ನಂಬಿಯೇ ಶುರುವಾಗುತ್ತದೆ. ಆ ನಂಬಿಕೆಯನ್ನೇ ಪರೀಕ್ಷಿಸುವುದು ಹೇಗೆ? 1965ರಲ್ಲಿ ಶಪಿರೋ ಮತ್ತು ವಿಲ್ಕ್ ತಂದ ಹೆಸರಾಂತ ಟೆಸ್ಟ್ ಪೂರ್ತಿ ಸ್ಯಾಂಪಲ್ ಕೇಳುತ್ತಿತ್ತು, ಅದೂ 50ರವರೆಗೆ ಮಾತ್ರ.

ಹಾಗಾಗಿ ಜನ ಅಡ್ಡದಾರಿ ಹಿಡಿದರು. ಕಾಣದ ಮೌಲ್ಯಗಳ ಜಾಗಕ್ಕೆ ಮಿತಿಯ ಅರ್ಧ, ಅಂದರೆ 2.5, ತುಂಬುವುದು. ಇಲ್ಲವೇ ಅವನ್ನು ಸುಮ್ನೆ ಕೈಬಿಡುವುದು. ಎರಡೂ ಕೆಟ್ಟವೇ. 20 ಸ್ಯಾಂಪಲ್‌ನಲ್ಲಿ 6 ಮಿತಿಗಿಂತ ಕೆಳಗಿವೆ ಅಂದುಕೊಳ್ಳಿ. ಆರಕ್ಕೂ 2.5 ಹಾಕಿದರೆ ಒಂದೇ ಸಂಖ್ಯೆ ಆರು ಸಲ ಬಂದು, ಗ್ರಾಫಿನಲ್ಲಿ ಚಪ್ಪಟೆ ಮೆಟ್ಟಿಲು ಮೂಡುತ್ತದೆ. ನಾರ್ಮಲ್ ಆಗಿದ್ದ ಡೇಟಾ ಕೂಡ ಆಗ ಫೇಲಾಗಬಹುದು. ಕೈಬಿಟ್ಟರೆ, ಉಳಿದ 14ರಲ್ಲಿ ಅತಿ ಚಿಕ್ಕದು ನಾರ್ಮಲ್ ರೇಖೆಯ ಮೇಲೆ ಸುಮಾರು −1.71ರ ಹತ್ತಿರ (ಸರಾಸರಿಗಿಂತ 1.71 ಪ್ರಮಾಣ ವಿಚಲನೆ ಕೆಳಗೆ) ಕೂರಬೇಕೆಂದು ಟೆಸ್ಟ್ ನಿರೀಕ್ಷಿಸುತ್ತದೆ. ನಿಜಕ್ಕೂ ಅದು 20ರಲ್ಲಿ ಏಳನೆಯದು. ಅದರ ಜಾಗ ಸುಮಾರು −0.45. ವ್ಯತ್ಯಾಸ ಸಣ್ಣದೇನಲ್ಲ, ಅಲ್ವಾ?

ಪರಿಹಾರದ ತಿರುಳೂ ಇಲ್ಲೇ ಇದೆ. ಕಾಣದ ಆರಕ್ಕೆ ಬೆಲೆ ಕಟ್ಟಬೇಡಿ, ಆದರೆ ಸಾಲಿನಲ್ಲಿ ಅವುಗಳ ಜಾಗ ಬಿಡಿ. ಕಂಡ 14ನ್ನು ಏಳರಿಂದ ಇಪ್ಪತ್ತರ ಜಾಗಗಳಲ್ಲಿಟ್ಟು, ನಾರ್ಮಲ್ ಆಗಿದ್ದರೆ ಅಲ್ಲಿರಬೇಕಾದ ಮೌಲ್ಯಗಳ ಜೊತೆ ಎಷ್ಟು ಹೊಂದುತ್ತವೆ ಎಂದು ನೋಡಿ. 1970ರ ದಶಕದಲ್ಲಿ ಈ ದಿಕ್ಕಿನ ಕೆಲಸ ಜೋರಾಯಿತು. 1973ರಲ್ಲಿ ಬಾರ್ ಮತ್ತು ಡೇವಿಡ್‌ಸನ್ ಹಂಚಿಕೆಯ ಹೊಂದಾಣಿಕೆ ನೋಡುವ ಇನ್ನೊಂದು ಟೆಸ್ಟಾದ ಕೊಲ್ಮೊಗೊರೋವ್–ಸ್ಮಿರ್ನೋವ್ ಟೆಸ್ಟನ್ನು ಸೆನ್ಸಾರ್ ಡೇಟಾಗೆ ಹೊಂದಿಸಿದರು. 1976ರಲ್ಲಿ ಸ್ಮಿತ್ ಮತ್ತು ಬೇನ್ ಮೇಲೆ ಹೇಳಿದ, ಜಾಗಗಳ ಜೊತೆಗಿನ ಹೊಂದಾಣಿಕೆಯ ಅಳತೆಯನ್ನು ಎತ್ತಿಕೊಂಡರು. 1988ರಲ್ಲಿ ವೆರಿಲ್ ಮತ್ತು ಜಾನ್ಸನ್ ಅದಕ್ಕೆ ಬೇಕಾದ ಕೋಷ್ಟಕಗಳನ್ನೂ ಸಿದ್ಧಾಂತವನ್ನೂ ಕೊಟ್ಟರು. 1993ರಲ್ಲಿ ಪ್ಯಾಟ್ರಿಕ್ ರಾಯ್ಸ್ಟನ್ ಪೂರ್ತಿ ಸ್ಯಾಂಪಲ್‌ಗೂ ಸೆನ್ಸಾರ್ ಆದದ್ದಕ್ಕೂ ನಡೆಯುವ ವಿಧಾನಗಳನ್ನು ಒಂದೆಡೆ ತಂದರು. ಇಂದು ಆರ್ (R) ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಬಳಸುವವರು ಎನ್ವ್‌ಸ್ಟಾಟ್ಸ್ ಪ್ಯಾಕೇಜಿನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಓಡಿಸಬಹುದು.

ಆದರೂ ನನಗೊಂದು ತಕರಾರಿದೆ. ಹಂಚಿಕೆಯ ಎಡವಟ್ಟು ಜಾಸ್ತಿ ಕಾಣುವುದು ತುದಿಗಳಲ್ಲಿ. ಸೆನ್ಸಾರ್ ಮುಚ್ಚುವುದೂ ಒಂದು ತುದಿಯನ್ನೇ. 20ರಲ್ಲಿ 12 ಮುಚ್ಚಿಹೋಗಿದ್ದರೆ, ಟೆಸ್ಟ್ ಪಾಸಾಯಿತು ಅನ್ನೋದಕ್ಕೆ ಉಳಿದ 8ರಲ್ಲಿ ದೋಷ ಸಿಗಲಿಲ್ಲ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ರಿಪೋರ್ಟ್ ಬರೆಯುವಾಗ ಪಿ-ಮೌಲ್ಯದ (ಪಾಸೋ ಫೇಲೋ ಎಂದು ನಿರ್ಧರಿಸಲು ಟೆಸ್ಟ್ ಕೊಡುವ ಸಂಖ್ಯೆ) ಪಕ್ಕದಲ್ಲೇ ಎಷ್ಟು ಸೆನ್ಸಾರ್ ಆಗಿವೆ, ಮಿತಿ ಎಷ್ಟು ಎಂದು ಹಾಕಿ.