‘ಆಲಂ ಆರಾ’ದ ಮಾತು ಬೆಳಕಿನಲ್ಲಿತ್ತು

1931ರ ಮಾರ್ಚ್ 14ರಂದು ಮುಂಬೈಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡ ‘ಆಲಂ ಆರಾ’ ಭಾರತದ ಮೊದಲ ವಾಕ್ಚಿತ್ರ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ಅದರ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳು ಇನ್ನೂ ಓಡಾಡುತ್ತಿವೆ. ಚಿತ್ರ ತೆಗೆದ ಮೇಲೆ ಮಾತು, ಹಾಡುಗಳನ್ನು ಬೇರೆಯಾಗಿ ಮುದ್ರಿಸಿ ಸೇರಿಸಿದರು ಎಂಬುದು ಒಂದು. 2003ರಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಯಲ್ಲಿ ಅದರ ಕೊನೆಯ ಪ್ರತಿ ಸುಟ್ಟುಹೋಯಿತು ಎಂಬುದು ಇನ್ನೊಂದು. ಎರಡೂ ಸರಿಯಲ್ಲ.

ಕಥೆ ಪಾರ್ಸಿ ರಂಗಭೂಮಿಯದು. ಕುಮಾರಪುರದ ರಾಜನಿಗೆ ದಿಲ್‌ಬಹಾರ್, ನವ್‌ಬಹಾರ್ ಎಂಬ ಇಬ್ಬರು ರಾಣಿಯರು. ದಿಲ್‌ಬಹಾರಳ ಮೋಹಕ್ಕೆ ಒಪ್ಪದ ಸೇನಾಪತಿ ಆದಿಲ್ ಸೆರೆಮನೆ ಸೇರುತ್ತಾನೆ, ಅವನ ಮಗಳು ಆಲಂ ಆರಾ ಅಲೆಮಾರಿಗಳ ನಡುವೆ ಬೆಳೆಯುತ್ತಾಳೆ, ರಾಜಕುಮಾರ ಅವಳಿಗೆ ಮನಸೋಲುತ್ತಾನೆ. ಜುಬೇದಾ ನಾಯಕಿ, ಮಾಸ್ಟರ್ ವಿಠ್ಠಲ್ ನಾಯಕ. ಇಂಥ ಅರಮನೆಯ ಒಳಸಂಚಿನ ಕಥೆಗಳು ಮೂಕಿಯಲ್ಲೂ ಬೇಕಾದಷ್ಟು ಬಂದಿದ್ದವು. ಇಲ್ಲಿ ಹೊಸದಾಗಿದ್ದದ್ದು ಫಿಲ್ಮಿನ ಅಂಚಿನಲ್ಲಿದ್ದ ಕಿರಿದಾದ ಒಂದು ಪಟ್ಟಿ.

ಚಿತ್ರದ ನಿರ್ದೇಶಕ, ಇಂಪೀರಿಯಲ್ ಕಂಪನಿಯ ಅರ್ದೇಶಿರ್ ಇರಾನಿ ತರಿಸಿದ್ದು ‘ಟನಾರ್’ ಎಂಬ ಯಂತ್ರ. ಚಿತ್ರ, ಧ್ವನಿ ಎರಡನ್ನೂ ಒಂದೇ ಫಿಲ್ಮಿನ ಮೇಲೆ ಒಂದೇ ಹೊತ್ತಿಗೆ ದಾಖಲಿಸುವುದು ಅದರ ಕೆಲಸ. ಅದನ್ನು ಜೋಡಿಸಲು ಬಂದ ಅಮೆರಿಕದ ವಿಲ್ಫೋರ್ಡ್ ಡೆಮಿಂಗ್ ದಿನಕ್ಕೆ 100 ರೂಪಾಯಿ ಕೇಳಿದರು. ಆ ಕಾಲಕ್ಕೆ ಅದು ಎದೆ ಝಲ್ಲೆನಿಸುವ ಮೊತ್ತ. ಇರಾನಿ ಮತ್ತು ಅವರ ಸಹಾಯಕ ರುಸ್ತುಂ ಭರೂಚಾ ಕೆಲಸ ಕಲಿತು ಧ್ವನಿಮುದ್ರಣಕ್ಕೆ ತಾವೇ ಕೂತರು.

ಯಂತ್ರದ ಒಳಗೆ ನಡೆಯುವುದಿಷ್ಟು. ಮೈಕ್ ದನಿಯನ್ನು ವಿದ್ಯುತ್ತಾಗಿಸುತ್ತದೆ, ಆ ವಿದ್ಯುತ್ತು ಒಂದು ಬೆಳಕನ್ನು ಏರಿಳಿಸುತ್ತದೆ, ಬೆಳಕು ಕೂದಲೆಳೆಯಂಥ ಸೀಳಿನ ಮೂಲಕ ಫಿಲ್ಮಿನ ಮೇಲೆ ಬೀಳುತ್ತದೆ. ಸಂಸ್ಕರಿಸಿದಾಗ ಅಲ್ಲಿ ಬೆಳ್ಳಿಯ ಕಪ್ಪು ಗುರುತು ಮೂಡುತ್ತದೆ. ಟಾಕಿ ಫಿಲ್ಮಿನ ವೇಗ ಸೆಕೆಂಡಿಗೆ 24 ಫ್ರೇಮ್, ಅಂದರೆ ನಿಮಿಷಕ್ಕೆ 90 ಅಡಿ, ಸೆಕೆಂಡಿಗೆ 45.7 ಸೆಂಟಿಮೀಟರ್. 1,000 ಹರ್ಟ್ಸ್ (ಅಂದರೆ ಸೆಕೆಂಡಿಗೆ 1,000 ಅಲೆ) ಸ್ವರದ ಒಂದು ಅಲೆಗೆ ಫಿಲ್ಮಿನ ಮೇಲೆ ಸಿಗುವ ಜಾಗ 0.46 ಮಿಲಿಮೀಟರ್. 5,000 ಹರ್ಟ್ಸ್ ಇದ್ದರೆ 0.09 ಮಾತ್ರ. ಸೀಳು ಅಗಲವಾದರೆ ‘ಸ’, ‘ಶ’ಗಳ ಸಣ್ಣ ಅಲೆಗಳು ಒಂದರ ಮೇಲೊಂದು ಕಲಸಿಕೊಂಡು ಮಾತು ಮಂಕಾಗುತ್ತದೆ.

ನಿಜವಾದ ಪೇಚು ಇದಲ್ಲ. ಚಿತ್ರ ಮೂಡುವ ಜಾಗದಲ್ಲಿ ಫಿಲ್ಮ್, ಹೊಲಿಗೆ ಯಂತ್ರದ ಸೂಜಿಯಡಿ ಬಟ್ಟೆ ಸರಿಯುವಂತೆ, ನಿಂತು ನಿಂತು ಸಾಗುತ್ತದೆ. ಧ್ವನಿಗೆ ನಿಲುಗಡೆ ಆಗದು. ಸೆಕೆಂಡಿಗೆ 24 ಸಲ ತಡೆದು ಎಳೆದರೆ ಮಾತಿನ ಬದಲು ಗರಗರ ಸದ್ದು ದಾಖಲಾಗುತ್ತದೆ. ಆದ್ದರಿಂದ ಧ್ವನಿಯ ಸೀಳನ್ನು ಫಿಲ್ಮ್ ನಯವಾಗಿ ಹರಿಯುವ ಇನ್ನೊಂದು ಜಾಗದಲ್ಲಿ ಇಡಲೇಬೇಕು. ಹೀಗೆ ತುಟಿಯ ಚಿತ್ರ ಒಂದು ಕಡೆ, ಆ ತುಟಿಯ ಮಾತು ಸುಮಾರು 20 ಫ್ರೇಮ್ ಮುಂದೆ, ಫಿಲ್ಮಿನ ಆರಂಭದ ಕಡೆಗೆ. ಒಂದು ಫ್ರೇಮಿನ ಎತ್ತರ 19 ಮಿಲಿಮೀಟರ್, ಆದ್ದರಿಂದ ಅಂತರ 38 ಸೆಂಟಿಮೀಟರ್. ಕಾಲದಲ್ಲಿ ಹೇಳುವುದಾದರೆ ಸೆಕೆಂಡಿನ ಆರರಲ್ಲಿ ಐದು ಪಾಲು.

ಚಿತ್ರಮಂದಿರದ ಯಂತ್ರದಲ್ಲೂ ಅದೇ ಅಂತರ ಇರುವುದರಿಂದ ನೋಡುಗರಿಗೆ ತೊಂದರೆಯಿಲ್ಲ. ಪಾಡು ಸಂಕಲನಕಾರನದು. ನಟ ಬಾಯಿ ತೆರೆಯುವ ಫ್ರೇಮಿಗೆ ಕತ್ತರಿ ಹಾಕಿದರೆ ಅವನ ಮೊದಲ ಮಾತು ಆಗಲೇ ಅದಕ್ಕಿಂತ ಮೊದಲಿನ ತುಂಡಿನ ಜೊತೆ ಹೋಗಿರುತ್ತದೆ! ಇಂಥ ಯಂತ್ರದ ಮುಂದೆ ನಟರು ಮಾತು ತೆಗೆಯುವ ಮೊದಲು ಒಂದು ಸೆಕೆಂಡ್ ಸುಮ್ಮನಿರಬೇಕು, ದೃಶ್ಯಗಳು ಉದ್ದವಾಗಿರಬೇಕು. ಆರಂಭದ ವಾಕ್ಚಿತ್ರಗಳನ್ನು ‘ಕ್ಯಾಮೆರಾ ಇಟ್ಟು ತೆಗೆದ ನಾಟಕ’ ಎಂದು ತಳ್ಳಿಹಾಕುವವರು ಈ 38 ಸೆಂಟಿಮೀಟರನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸಂಸ್ಕರಣೆಯಲ್ಲೂ ಇಕ್ಕಟ್ಟು: ಚಿತ್ರಕ್ಕೊಂದು ಹದ ಬೇಕು, ಧ್ವನಿಗೊಂದು, ಫಿಲ್ಮ್ ತೊಳೆಯುವ ರಾಸಾಯನಿಕದ ತೊಟ್ಟಿ ಮಾತ್ರ ಒಂದೇ.

ಸ್ಟುಡಿಯೊದ ಪಕ್ಕದಲ್ಲೇ ರೈಲು ಹಳಿ, ಗೋಡೆಗಳಿಗೆ ಸದ್ದು ತಡೆಯುವ ಶಕ್ತಿಯಿಲ್ಲ. ಹಾಗಾಗಿ ರೈಲು ನಿಂತ ಮೇಲೆ, ನಡುರಾತ್ರಿ ಕಳೆದು ಚಿತ್ರೀಕರಣ. ಮೈಕ್ ತೂಗಲು ಉದ್ದನೆಯ ಕೋಲೂ ಇರಲಿಲ್ಲ, ಕ್ಯಾಮೆರಾ ಕಣ್ಣಿಗೆ ಬೀಳದಂತೆ ಎಲ್ಲೆಲ್ಲೋ ಬಚ್ಚಿಡುತ್ತಿದ್ದರು. ಮೈಕಿನಿಂದ 2 ಅಡಿ ದೂರವಿದ್ದ ನಟಿ 4 ಅಡಿಗೆ ಸರಿದರೆ ಅವಳ ದನಿಯ ಒತ್ತಡ ಅರ್ಧಕ್ಕಿಳಿಯುತ್ತದೆ, ಗೋಡೆಯ ಮಾರ್ದನಿ ಮಾತ್ರ ಇದ್ದಷ್ಟೇ ಇರುತ್ತದೆ. ಆ ದನಿ ಬಾವಿಯೊಳಗಿಂದ ಬಂದಂತೆ ಕೇಳುವುದು ಇದರಿಂದಲೇ. ಫಕೀರನ ಪಾತ್ರದ ವಜೀರ್ ಮೊಹಮ್ಮದ್ ಖಾನ್ ‘ದೇ ದೇ ಖುದಾ ಕೆ ನಾಮ್ ಪೆ’ ಹಾಡಿದ್ದು ಕ್ಯಾಮೆರಾ ಓಡುತ್ತಿರುವಾಗಲೇ. ಹಾರ್ಮೋನಿಯಂ, ತಬಲಾದವರು ಚೌಕಟ್ಟಿನಾಚೆ ಕೂತು ನುಡಿಸಬೇಕಿತ್ತು.

ಇನ್ನು ಬೆಂಕಿಯ ಮಾತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಸ್ಪಷ್ಟವಾಗಿ ಹೇಳಿದ್ದರು: ಸಂಗ್ರಹಾಲಯಕ್ಕೆ ‘ಆಲಂ ಆರಾ’ ಬಂದೇ ಇರಲಿಲ್ಲ. ಇರಾನಿ ಕುಟುಂಬದ ಬಳಿ ಉಳಿದಿದ್ದ ಕೆಲವು ಸುರುಳಿಗಳನ್ನು ಬೆಳ್ಳಿ ತೆಗೆಯಲು ಕೊಟ್ಟುಬಿಟ್ಟರೆಂದು ಅವರಿಗೆ ತಿಳಿದಿತ್ತು. ಮಾತನ್ನೂ ಮುಖವನ್ನೂ ಹಿಡಿದಿಟ್ಟಿದ್ದ ಬೆಳ್ಳಿಗೇ ಗುಜರಿಯಲ್ಲಿ ಬೆಲೆ ಇತ್ತು. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ.

ಹಳೆಯ ಟಾಕೀಸಿನ ಅಟ್ಟದಲ್ಲಿ ಯಾರಿಗಾದರೂ ಫಿಲ್ಮಿನ ಡಬ್ಬಿ ಸಿಕ್ಕರೆ ಮೊದಲು ಫಿಲ್ಮಿನ ಅಂಚು ನೋಡಿ. ‘ಸೇಫ್ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿಲ್ಲದಿದ್ದರೆ ಅದು ಬೇಗ ಹೊತ್ತಿಕೊಳ್ಳುವ ಸೆಲ್ಯುಲೋಸ್ ನೈಟ್ರೇಟ್ ಫಿಲ್ಮ್ ಎಂದೇ ತಿಳಿಯಿರಿ. ಅದು ಕಂದು ಬಣ್ಣಕ್ಕೆ ತಿರುಗಿ, ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಕೊಳೆತ ಸುರುಳಿ 40 ಡಿಗ್ರಿ ಆಸುಪಾಸಿನ ಸೆಕೆಯಲ್ಲಿ ಬಹುಕಾಲ ಇದ್ದರೆ ತಾನಾಗಿ ಹೊತ್ತಿಕೊಳ್ಳಬಲ್ಲದು, ಕಲಬುರಗಿ, ರಾಯಚೂರಿನ ಬೇಸಿಗೆಯೇ ಅಷ್ಟಿರುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಕಡ್ಡಿ ಗೀರಿ ಪರೀಕ್ಷಿಸಬೇಡಿ, ಬಿಚ್ಚಬೇಡಿ, ಪ್ರೊಜೆಕ್ಟರಿಗೆ ಹಾಕಬೇಡಿ, ಗಾಳಿಯಾಡದಂತೆ ಬಿಗಿದು ಮುಚ್ಚಲೂಬೇಡಿ. ತಂಪಾದ ಜಾಗದಲ್ಲಿ, ಮನೆಮಂದಿಯಿಂದ ದೂರ ಇಟ್ಟು ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ.